ನನ್ನ ಸೊಸೆಯ ಕಂಠಕ್ಕೆ ಬಂದ ಪ್ರಶಸ್ತಿ

ಹೋದ ವರ್ಷ ದೀಪಾವಳಿಗೆ ಇನ್ನೇನು ಕೆಲವೇ ದಿನ ಇದ್ದಾಗ ನಡೆದದ್ದು ಇದು. ನಾವು ಬಸವೇಶ್ವರನಗರದಲ್ಲಿರುವವರು. ನನ್ನ ಸೊಸೆ ರೂಪಾ ಟೀವಿ ಧಾರಾವಾಹಿಗಳಿಗೆ ಡಬ್ಬಿಂಗ್ ಮಾಡುತ್ತಾಳೆ. ಸಂಜೆ ಹೊತ್ತು ಬರುವ ಒಂದು ಧಾರಾವಾಹಿಯಲ್ಲಿ ಸೊಸೆಯನ್ನು ಗೋಳು ಹುಯ್ದುಕೊಳ್ಳುವ ಒಬ್ಬ ಅತ್ತೆ ಇದ್ದಾಳೆ. ಆ ಪಾತ್ರ ಮಾಡುವ ನಟಿ ಬೇರೆ ರಾಜ್ಯದವಳು, ಕನ್ನಡ ಬರುವುದಿಲ್ಲ. ಶೂಟಿಂಗ್‌ನಲ್ಲಿ ಪಕ್ಕದಿಂದ ಯಾರೋ ಮಾತು ಹೇಳಿಕೊಡುತ್ತಾರೆ, ಅವಳು ತುಟಿ ಆಡಿಸುತ್ತಾಳೆ. ಆ ತುಟಿಗೆ ದನಿ ಕೊಡುವವಳು ನಮ್ಮ ರೂಪಾ. ಅಂದರೆ ಊರಿಗೆಲ್ಲ ಕೇಳುವ ಆ ಘಟವಾಣಿ ಅತ್ತೆಯ ಬಾಯಿ ನನ್ನ ಸೊಸೆಯದು! "ನಿಮ್ಮನ್ನ ನೋಡ್ಕೊಂಡೇ ಕಲ್ತಿರ್ಬೇಕು ಬಿಡಿ ಆಂಟಿ" ಎಂದು ಪಕ್ಕದ ಮನೆಯ ಪ್ರೇಮಾ ನನ್ನನ್ನು ರೇಗಿಸದ ದಿನವಿಲ್ಲ. ನನಗೂ ಬಾಯಿ ಸ್ವಲ್ಪ ಜೋರೇ, ಸುಳ್ಳು ಯಾಕೆ ಹೇಳಲಿ.

ಆ ಚಾನೆಲ್‌ನವರು ವರ್ಷಕ್ಕೊಮ್ಮೆ ಪ್ರಶಸ್ತಿ ಕೊಡುತ್ತಾರೆ. ಮೆಚ್ಚಿನ ಅತ್ತೆ, ಮೆಚ್ಚಿನ ಸೊಸೆ, ಮೆಚ್ಚಿನ ಜೋಡಿ, ಮೆಚ್ಚಿನ ಖಳನಾಯಕಿ, ಕೊನೆಗೆ ಮೆಚ್ಚಿನ ಅಜ್ಜಿಗೂ ಒಂದು. ಈ ಸಲ ಕಂಠದಾನಕ್ಕೂ ಒಂದು ಪ್ರಶಸ್ತಿ ಇಟ್ಟು, ಅದಕ್ಕೆ ರೂಪಾಳನ್ನು ಆರಿಸಿದ್ದರು. ಫೋನ್ ಬಂದಾಗ ಅವಳು ಚಪಾತಿ ಲಟ್ಟಿಸುತ್ತಿದ್ದಳು. "ಅತ್ತೆ, ನಂಗೆ ಕೊಡ್ತಾರಂತೆ" ಎಂದವಳು ಲಟ್ಟಣಿಗೆ ಹಿಡಿದುಕೊಂಡೇ ಅಡುಗೆಮನೆಯಲ್ಲಿ ಕೂತುಬಿಟ್ಟಳು.

ಅವಳಿಗೆ ಆ ಪ್ರಶಸ್ತಿ ಬೇಕಾಗಿದ್ದದ್ದು ಅವಳ ಅಪ್ಪನಿಗೆ ತೋರಿಸುವುದಕ್ಕೆ. ನಮ್ಮ ಬೀಗರು ರಾಣೆಬೆನ್ನೂರಿನವರು, ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಬಿ.ಎಡ್. ಮಾಡಿದ ಮಗಳು ಮುಚ್ಚಿದ ಕೋಣೆಯಲ್ಲಿ ನಿಂತು ಇನ್ಯಾರದೋ ಬಾಯಿಗೆ ಮಾತಾಡುವುದು ಅವರಿಗೆ ಕೆಲಸ ಅಂತಲೇ ಅನ್ನಿಸಿರಲಿಲ್ಲ. ವಿಜಯನಗರದ ಒಂದು ಶಾಲೆಯಲ್ಲಿ ಪರಿಚಯದವರಿಗೆ ಹೇಳಿ ಅವಳಿಗೊಂದು ಟೀಚರ್ ಕೆಲಸ ಗೊತ್ತುಮಾಡಿದ್ದರು. ಹಬ್ಬ ಮುಗಿದ ಮೇಲೆ ಸೇರಬೇಕು. ಅದಕ್ಕೆ ಸೇರಿದರೆ ಡಬ್ಬಿಂಗ್ ಬಿಟ್ಟಂತೆಯೇ. ರೂಪಾಗೆ ಇಷ್ಟವಿರಲಿಲ್ಲ, ಆದರೆ ಅಪ್ಪನಿಗೆ ಇಲ್ಲ ಅನ್ನುವ ಧೈರ್ಯವೂ ಇರಲಿಲ್ಲ. "ಟೀವಿಯಾಗ ಪ್ರೋಗ್ರಾಂ ಬಂದಾಗ ನೋಡಾಕ ಬರ್ರಿ ಅಪ್ಪಾ. ನೋಡಿದ ಮ್ಯಾಲೆ ನೀವು ಹೆಂಗ ಹೇಳ್ತೀರಿ ಹಂಗ" ಎಂದು ಫೋನಿನಲ್ಲಿ ಹೇಳಿಬಿಟ್ಟಳು. "ನಿನ್ನ ಕೆಲ್ಸದ ಜುಟ್ಟು ಅವರ ಕೈಗೆ ಯಾಕೆ ಕೊಟ್ಯೇ?" ಎಂದು ನಾನು ಬೈದೆ.

ಸಮಾರಂಭ ಕೆಂಗೇರಿಯ ಆಚೆ ಒಂದು ದೊಡ್ಡ ಮೈದಾನದಲ್ಲಿತ್ತು. ಮಗ ಹರೀಶನಿಗೆ ಆ ದಿನ ರಜೆ ಸಿಗದೆ, ಅವನ ಪಾಸಿನಲ್ಲಿ ನಾನು ಮೈಸೂರು ಸಿಲ್ಕ್ ಉಟ್ಟು ಹೊರಟೆ. ನಮ್ಮನ್ನು ಬರಹೇಳಿದ್ದು ಮಟಮಟ ಮಧ್ಯಾಹ್ನಕ್ಕೆ. ತಾರೆಯರ ಪಕ್ಕದಲ್ಲೇ ಕೂರುತ್ತೇನೆ ಅಂದುಕೊಂಡಿದ್ದರೆ, ಮುಂದಿನ ಸೋಫಾಗಳ ಮೇಲೆ ಅವರ ಹೆಸರಿನ ಚೀಟಿಗಳು ಮಾತ್ರ ಇದ್ದವು. ಕ್ಯಾಮೆರಾ, ಎಡಿಟಿಂಗ್, ಸಂಭಾಷಣೆ, ಸೆಟ್, ಮೇಕಪ್, ಸಂಗೀತ, ಕಂಠದಾನ, ಇವೆಲ್ಲ ಟೆಕ್ನಿಕಲ್ ಅವಾರ್ಡುಗಳಂತೆ. ಅವನ್ನು ತಾರೆಯರು ಬರುವ ಮೊದಲೇ ಕೊಟ್ಟು ಮುಗಿಸುವುದು ಅಲ್ಲಿಯ ಪದ್ಧತಿಯಂತೆ.

ಆದರೂ ನನಗೆ ಬೇಜಾರಾಗಲಿಲ್ಲ. ಧಾರಾವಾಹಿಯ ಆ ಭಾರಿ ಮನೆಯ ಕಲ್ಲುಕಂಬಗಳು ಪ್ಲೈವುಡ್ ಎಂದು ಗೊತ್ತಾದದ್ದು ಅವನ್ನು ಮಾಡಿದವರು ಪ್ರಶಸ್ತಿ ತೆಗೆದುಕೊಂಡಾಗಲೇ. ನನ್ನ ಪಕ್ಕದಲ್ಲಿ ಕೂತಿದ್ದ ಗಡ್ಡದ ಹುಡುಗ ಎಡಿಟರ್. "ಅತ್ತೆ ಕಣ್ಣು ಬಿಟ್ಟಾಗ ಮೂರು ಸಲ ಢಣ್ ಢಣ್ ಅಂತ ತೋರಿಸ್ತಾರಲ್ಲ ಆಂಟಿ, ಅದು ನಾನೇ" ಎಂದ. "ಒಂದು ಸಲ ತೋರ್ಸಿದ್ರೆ ಸಾಕು ಕಣಪ್ಪ, ನಮಗೆ ಕಾಣ್ಸುತ್ತೆ" ಎಂದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅರ್ಧ ಗಂಟೆ ಕಾಲು ಚಾಚಿ ನೋಡುವ ಧಾರಾವಾಹಿಯ ಹಿಂದೆ ಇಷ್ಟೊಂದು ಜನರ ಮೈಮುರಿಯುವ ದುಡಿಮೆ ಇದೆ ಎಂದು ನನಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲ. ರೂಪಾ ವೇದಿಕೆ ಹತ್ತಿ ಪ್ರಶಸ್ತಿ ತೆಗೆದುಕೊಂಡಾಗ ದೊಡ್ಡ ಕ್ಯಾಮೆರಾ ಅವಳ ಕಡೆಗೇ ತಿರುಗಿತ್ತು. ಕಣ್ಣಾರೆ ಕಂಡೆ. ಮನೆಗೆ ಬಂದವಳೇ ಬೀದಿಗೆಲ್ಲ ಹೇಳಿದೆ, ಭಾನುವಾರ ಟೀವಿಯಲ್ಲಿ ತೋರಿಸುತ್ತಾರೆ, ಎಲ್ಲರೂ ನಮ್ಮ ಮನೆಗೇ ಬನ್ನಿ ಎಂದು.

ಭಾನುವಾರ ಬೀಗರು ಬೆಳಗ್ಗೆಯೇ ಬಂದರು. ಸಂಜೆಗೆ ಪ್ರೇಮಾ, ಅವಳ ಜೊತೆ ಅಕ್ಕಪಕ್ಕದ ಮೂರು ನಾಲ್ಕು ಹೆಂಗಸರು ಬಂದು ಹಾಲ್ ತುಂಬಿತು. ಟೀ, ಕೋಡುಬಳೆ ಆಯಿತು. ಕುಣಿತ ಆಯಿತು, ನಿರೂಪಕರ ಹಾಸ್ಯ ಆಯಿತು, ಮೆಚ್ಚಿನ ಜೋಡಿ ಹೂವಿನ ರಥದಲ್ಲಿ ಬಂದಿಳಿಯಿತು. ರೂಪಾ ಮಾತ್ರ ಬರಲಿಲ್ಲ. "ಈಗ ಬರುತ್ತೆ, ಈಗ ಬರುತ್ತೆ" ಎಂದು ನಾನು ಪ್ರತಿ ಜಾಹೀರಾತಿಗೂ ಹೇಳುತ್ತಿದ್ದೆ. ಮೆಚ್ಚಿನ ಖಳನಾಯಕಿ ಪ್ರಶಸ್ತಿ ಆ ಅತ್ತೆ ಪಾತ್ರದ ನಟಿಗೇ ಬಂತು. ಆಕೆ ಮೈಕ್ ಹಿಡಿದು, ಎಳೆಯ ಹುಡುಗಿಯಂಥ ಸಣ್ಣ ದನಿಯಲ್ಲಿ "ಎಲ್ಲಾರ್ಗೂ ನಮಸ್ಕಾರಾ" ಎಂದು ಮುಂದಿನದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು. "ಅಯ್ಯೋ, ಇವಳ ದನಿ ಇಷ್ಟೇನಾ!" ಎಂದು ಪ್ರೇಮಾ ಬಾಯಿ ಬಿಟ್ಟಳು.

ಎಲ್ಲ ಮುಗಿದ ಮೇಲೆ ತೆರೆಯ ಮೇಲೆ ಆ ಮಧ್ಯಾಹ್ನದ ಪ್ರಶಸ್ತಿಗಳ ಒಂದಷ್ಟು ಫೋಟೋಗಳು ಸರಸರನೆ ಓಡಿದವು. ಅದರಲ್ಲೊಂದರಲ್ಲಿ ಅತಿಥಿಯ ಭುಜದ ಹಿಂದೆ ರೂಪಾಳ ಅರ್ಧ ಮುಖ ಕಂಡಂತಾಯಿತು. "ಎಲ್ಲೈತಿ? ಎಲ್ಲೈತಿ?" ಎಂದು ಬೀಗರು ಮುಂದಕ್ಕೆ ಬಾಗುವಷ್ಟರಲ್ಲಿ ಸೋಪಿನ ಜಾಹೀರಾತು ಬಂತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ಜನರನ್ನು ಕರೆದು ಕೂರಿಸಿದವಳು ನಾನೇ ಅಲ್ಲವೇ?

ಬೀಗರು ಎದ್ದು ಬ್ಯಾಗಿಗೆ ಕೈ ಹಾಕಿದರು. ಕೋಪವೇನೂ ಇರಲಿಲ್ಲ, ಅದೇ ಹೆಚ್ಚು ಸಂಕಟವಾದದ್ದು. "ಇರ್ಲಿ ಬಿಡವಾ. ಸಾಲ್ಯಾಗ ಆದ್ರ ನಾಕ ಮಂದಿ ಮುಂದ ನಿಂತು ಪಾಠ ಹೇಳ್ತಿ. ಇದ್ರಾಗ ನೀನು ಎಲ್ಲಿ ಕಾಣ್ತಿ? ಸಾಲಿಯವ್ರಿಗೆ ನಾಳೆ ಫೋನ್ ಮಾಡ್ತೀನಿ" ಎಂದರು.

"ಹೂಂನ್ರಿ ಅಪ್ಪಾ" ಎಂದಳು ರೂಪಾ, ನೆಲ ನೋಡಿಕೊಂಡು.

ಆ ಹೂಂ ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. "ಬೀಗರೇ, ಐದು ನಿಮಿಷ ಕೂತ್ಕೊಳ್ಳಿ" ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆನೇನೋ, ಅವರು ಕೂತೇಬಿಟ್ಟರು. "ಹರೀಶಾ, ಧಾರಾವಾಹಿ ಹಳೇ ಕಂತು ಯಾವ್ದಾದ್ರೂ ಹಾಕೋ. ಅತ್ತೆ ಮಾತಾಡೋದು ಇರ್ಬೇಕು. ಮ್ಯೂಟ್ ಮಾಡು. ರೂಪಾ, ನೀನು ಮಾತಾಡು."

"ಅತ್ತೆ, ಎಲ್ಲಾರ ಮುಂದೆ ಆಗಲ್ಲ" ಎಂದು ರೂಪಾ ನನ್ನ ಸೆರಗು ಎಳೆದಳು.

"ದಿನಾ ಊರಿಗೆಲ್ಲಾ ಕೇಳ್ಸೋ ಹಂಗೆ ಬೈತೀಯ. ನಮ್ಮನ್ನ ಕಂಡ್ರೆ ನಾಚಿಕೇನಾ? ಎದ್ದೇಳೇ."

ಅವಳು ಎದ್ದಳು. "ಎಷ್ಟೋ ಕಂತು ಮಾಡಿರ್ತೀನಿ, ನೆನಪಿರಲ್ಲ. ಒಂದು ಸಲ ಕೇಳಿಸ್ಕೋತೀನಿ" ಎಂದಳು. ಹರೀಶ ಒಂದು ಸಲ ದನಿಯೊಡನೆ ಹಾಕಿದ. ಅವಳು ಪೇಪರ್ ಪೆನ್ನು ಕೇಳಲಿಲ್ಲ, ಆ ನಟಿಯ ತುಟಿಯನ್ನಷ್ಟೇ ದಿಟ್ಟಿಸುತ್ತ ನಿಂತಳು. ಆಮೇಲೆ ಅವನು ದನಿ ತೆಗೆದು ಮತ್ತೆ ಮೊದಲಿನಿಂದ ಹಾಕಿದ.

ಟೀವಿಯಲ್ಲಿ ಅತ್ತೆ ಕುರ್ಚಿಯಿಂದ ಎದ್ದಳು. ಎದ್ದಾಗ ಬರುವ ಆ ಸಣ್ಣ ನಿಟ್ಟುಸಿರನ್ನೂ ರೂಪಾಳೇ ಬಿಟ್ಟಳು. "ಈ ಹೊಸಿಲು ದಾಟಿ ಒಳಗೆ ಬರೋಕೆ ಯಾರನ್ನ ಕೇಳಿದ್ದೆ ನೀನು?" ಎಂದು ಶುರುವಾಯಿತು ನೋಡಿ! ಮನೆ ಗೋಡೆಗಳೆಲ್ಲ ಗುಂಯ್‌ಗುಟ್ಟಿದವು. ದನಿ ಏರಿತು, ಇಳಿಯಿತು, ಧಾರಾವಾಹಿಯ ಸೊಸೆಯ ಕಿವಿಯ ಹತ್ತಿರ ಬಂದು ಪಿಸುಗುಟ್ಟಿತು, ಕೊನೆಗೆ ಮೂಗಿನಲ್ಲಿ ಒಂದು ನಗೆ ನಕ್ಕಿತು. ತುಟಿ ನಿಂತಲ್ಲಿ ಇವಳೂ ನಿಂತಳು, ಒಂದು ಅಕ್ಷರ ಆಚೆ ಈಚೆ ಇಲ್ಲ. ದಿನಾ ಆ ಅತ್ತೆಯನ್ನು ಶಪಿಸುತ್ತ ನೋಡುವ ಪ್ರೇಮಾ ಕೂತಲ್ಲೇ ಸೆರಗು ಬಿಗಿಮಾಡಿಕೊಂಡಳು. ಅವಳ ಕೈಯಲ್ಲಿದ್ದ ಕೋಡುಬಳೆ ಬಾಯಿಗೆ ಹೋಗಲೇ ಇಲ್ಲ. ದೃಶ್ಯ ಮುಗಿದಾಗ ರೂಪಾ ಸೆರಗಿನಿಂದ ಮುಖ ಒರೆಸಿಕೊಂಡು "ಗಂಟಲು ಒಣಗಿಹೋಯ್ತು" ಎಂದಳು, ತನ್ನ ಎಂದಿನ ಮೆಲುದನಿಯಲ್ಲಿ. ಆಗ ಎಲ್ಲರೂ ಒಟ್ಟಿಗೆ ಚಪ್ಪಾಳೆ ಹೊಡೆದರು. ನನಗಂತೂ ಕಣ್ಣು ತುಂಬಿ ಟೀವಿಯೇ ಕಾಣದಾಯಿತು.

ಬೀಗರು ಚಪ್ಪಾಳೆ ಹೊಡೆಯಲಿಲ್ಲ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಮಗಳನ್ನೇ ನೋಡುತ್ತಿದ್ದರು. ಕೊನೆಗೆ ನನ್ನ ಕಡೆ ತಿರುಗಿ, "ಅಕ್ಕಾರ, ಮದುವಿ ಆಗೂಮಟ ಈಕಿ ನಮ್ಮ ಮನ್ಯಾಗ ಇದ್ಳರಿ. ಇಂಥಾ ದನಿ ಐತಿ ಅಂತ ನನಗ ಗೊತ್ತ ಇರಲಿಲ್ಲ. ನಾನ ತೆಗೀಲಿಕ್ಕೆ ಬಿಡಲಿಲ್ಲ ಕಾಣ್ತೈತಿ" ಎಂದರು. ಆಮೇಲೆ ರೂಪಾಳಿಗೆ, "ಸಾಲಿಯವ್ರಿಗೆ ನಾನ ಹೇಳ್ತೀನಿ, ಬ್ಯಾರೆಯವ್ರನ್ನ ನೋಡ್ಕೊಳ್ರಿ ಅಂತ" ಎಂದರು. ರೂಪಾ ಅಪ್ಪನ ಪಕ್ಕ ಕೂತು ಅತ್ತಳು. ನಾನು ಇನ್ನೊಂದು ಸುತ್ತು ಟೀ ಇಡಲು ಒಳಗೆ ಹೋದೆ.

ಈಗ ಧಾರಾವಾಹಿ ಮುಗಿದ ಮೇಲೂ ನಾನು ಏಳುವುದಿಲ್ಲ. ಹೆಸರುಗಳು ಓಡುವುದನ್ನು ಕನ್ನಡಕ ಹಾಕಿಕೊಂಡು ಓದುತ್ತೇನೆ, ಪೂರ್ತಿ ಓದಲು ಅವರು ಎಂದೂ ಬಿಡುವುದಿಲ್ಲ ಅನ್ನುವುದು ಬೇರೆ ಮಾತು. ಪ್ರಶಸ್ತಿ ಸಮಾರಂಭದಲ್ಲಿ ಆ ಮಧ್ಯಾಹ್ನದ ಮಂದಿಯನ್ನೂ ಒಂದು ದಿನ ತೋರಿಸಿಯೇ ತೋರಿಸುತ್ತಾರೆ ಎಂದು ನನಗೆ ನಂಬಿಕೆಯಿದೆ. ತೋರಿಸದಿದ್ದರೂ ಆ ಸಂಜೆ ನನ್ನ ಸೊಸೆಗೆ ಸಲ್ಲಬೇಕಾದದ್ದು ನಮ್ಮ ಹಾಲ್‌ನಲ್ಲಿ ಸಂದಿತು ಎಂಬ ಸಂತೋಷ ನನಗೆ ಇವತ್ತಿಗೂ ಇದೆ. ರಾಣೆಬೆನ್ನೂರಿನಲ್ಲಿ ಬೀಗರು ಈಗ ಒಂದು ಕಂತೂ ಬಿಡುವುದಿಲ್ಲ. ಮೊನ್ನೆ ಧಾರಾವಾಹಿ ಮುಗಿಯುತ್ತಿದ್ದಂತೆ ರೂಪಾಳಿಗೆ ಅವರ ಫೋನ್ ಬಂತು. ಸ್ಪೀಕರ್ ಹಾಕಿದ್ದಳು, ನಾನೂ ಕೇಳಿಸಿಕೊಂಡೆ:

"ಯಾಕವಾ, ಇವತ್ತ ಬಾಳ ಸಣ್ಣಗ ಮಾತಾಡಿದಿ? ನಾಳಿಂದ ಇನ್ನಷ್ಟು ಜೋರ ಮಾಡು."