ಮ್ಯಾಪಿನಲ್ಲಿ ನಾನು ಮುಚ್ಚಿದ ಬಾಗಿಲು

ಕೊರೊನಾ ಮುಗಿದ ಮರುವರ್ಷ. ಹುನಗುಂದದಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ವಿಡಿಯೋ ನೋಡಿ ನೋಡಿ ಗೇಮ್‌ಗಳಿಗೆ ಮ್ಯಾಪ್ ಕಟ್ಟುವುದನ್ನು ಕಲಿತಿದ್ದೆ. ಮ್ಯಾಪ್ ಎಂದರೆ ಆಟದೊಳಗಿನ ಊರು: ಮನೆ, ಓಣಿ, ಹೊಲ, ಯಾವ ದಾರಿ ತೆರೆದಿರಬೇಕು, ಯಾವುದು ಮುಚ್ಚಿರಬೇಕು, ಎಲ್ಲವೂ. ಬಾಗಲಕೋಟೆಯವರೊಬ್ಬರು ಮಕ್ಕಳ ಗೇಮ್‌ಗಾಗಿ ಒಂದು ಹಳ್ಳಿ ಕಟ್ಟಿಕೊಡಲು ಹೇಳಿದ್ದರು.

ಕಟ್ಟಿದೆ. ಆಟದ ಹುಡುಗಿ ಮನೆಯಿಂದ ಹೊರಟು ಗುಡ್ಡ ಮುಟ್ಟಬೇಕು. ಅವಳು ಹೊರಬಿದ್ದ ಕೂಡಲೇ ಬಾಗಿಲು ಮುಚ್ಚಿಕೊಳ್ಳುತ್ತಿತ್ತು, ಮತ್ತೆ ತೆರೆಯುತ್ತಿರಲಿಲ್ಲ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಹೊರಗೆ ಹೋದವಳು ಮುಂದೆ ಹೋಗಬೇಕು ಎಂಬುದು ನನಗೆ ಸಹಜವಾಗಿ ಕಂಡಿತ್ತು.

ಗಂಡನ ಹೊಡೆತ ತಾಳದೆ ನನ್ನ ತಂಗಿ ರೇಣವ್ವ ಕುಳಗೇರಿ ಕ್ರಾಸಿನಿಂದ ನಮ್ಮ ಮನೆಗೆ ಬಂದು ಆಗ ತಿಂಗಳಾಗಿತ್ತು. ದಿನಾ ಊಟಕ್ಕೆ ಕೂತಾಗ, ‘ಯಾವಾಗ ಹೊಂಡ್ತಿ?’ ಎಂದು ಕೇಳುತ್ತಿದ್ದೆ. ಆಟ ಪರೀಕ್ಷಿಸಲು ಓಣಿಯ ಹುಡುಗರ ಜೊತೆಗೆ ಅವಳ ಕೈಗೂ ಫೋನ್ ಕೊಟ್ಟೆ.

‘ಅಣ್ಣಾ, ಇಕಿ ಮನಿಯೊಳಗ ಹೋಗವಲ್ಲಳಲ್ಲ?’

‘ಹುಚ್ಚಿ, ಹೊರಬಿದ್ದ ಮ್ಯಾಲ ಒಳಗೇನ ಕೆಲಸ? ಗುಡ್ಡದ ಕಡೆ ನಡಸು.’

‘ದಣದಿರ್ತಾಳೋ. ನೀರರ ಕುಡದು ಹೋಗ್ತಾಳ.’

‘ಗೇಮ್‌ನಾಗ ಯಾರಿಗೂ ನೀರಡಸೂದಿಲ್ಲ.’

ನಕ್ಕಳು. ಆದರೆ ಫೋನ್ ಕೆಳಗಿಡಲಿಲ್ಲ.

ಆಡಿದವರು ಎಲ್ಲೆಲ್ಲಿ ನಡೆದರೆಂಬುದು ಮ್ಯಾಪಿನ ಮೇಲೆ ಕೆಂಪಾಗಿ ಮೂಡುತ್ತದೆ. ಅದಕ್ಕೆ ಹೀಟ್‌ಮ್ಯಾಪ್ ಎನ್ನುತ್ತಾರೆ. ಉಳಿದವರ ಗೆರೆಗಳು ಗುಡ್ಡದ ಕಡೆ ಹೋಗಿದ್ದವು. ರೇಣವ್ವನ ಗೆರೆ ಮನೆಯನ್ನೇ ಸುತ್ತಿ ಸುತ್ತಿ, ಬಾಗಿಲ ಮುಂದೆ ಕೆಂಪು ದಟ್ಟವಾಗಿ ಕಪ್ಪಿಟ್ಟಿತ್ತು. ನಾನು ಅದನ್ನು ಕೆಲಸಗಾರನ ಕಣ್ಣಿಂದಷ್ಟೇ ನೋಡಿದೆ. ಬಾಗಿಲು ಕಂಡರೆ ಆಡುವವರು ಗೊಂದಲಕ್ಕೆ ಬೀಳುತ್ತಾರೆ ಎಂದುಕೊಂಡು, ಹುಡುಗಿ ಹೊರಬಂದ ಮೇಲೆ ಅಲ್ಲಿ ಬರೀ ಗೋಡೆ ಕಾಣುವಂತೆ ಮಾಡಿದೆ.

ಮರುದಿನ ರೇಣವ್ವ ಮತ್ತೆ ಆಡಿದಳು. ಗೋಡೆಯ ಮುಂದೆ ಹುಡುಗಿಯನ್ನು ನಿಲ್ಲಿಸಿ ಬಹಳ ಹೊತ್ತು ನೋಡಿದಳು. ‘ನನಗ ತಿಳೀತೋ ಅಣ್ಣಾ’ ಎಂದು ಫೋನ್ ನನ್ನ ಕೈಗಿಟ್ಟಳು.

ಸಂಜೆ ಚೀಲ ಹಿಡಿದು ಬಸ್ಸಿಗೆ ನಡೆದಳು. ಗಂಡನ ಮನೆಗೆ ಹೊರಟಳೆಂದು ನನಗೆ ಹಗುರಾಯಿತು. ಅವಳು ಹೋದದ್ದು ಇಳಕಲ್ಲಿಗೆ. ಅಲ್ಲಿ ಖೋಲಿ ಬಾಡಿಗೆ ಹಿಡಿದು, ನೇಕಾರರೊಬ್ಬರ ಮನೆಯಲ್ಲಿ ನೂಲು ಸುತ್ತುವ ಕೆಲಸಕ್ಕೆ ಸೇರಿದಳು.

ನಾಗರ ಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ಕರೆತರುವುದು ನಮ್ಮಲ್ಲಿ ವಾಡಿಕೆ. ಹಬ್ಬದ ಎಳ್ಳು, ಶೇಂಗಾ ಉಂಡಿ ಕಟ್ಟಿಸಿಕೊಂಡು ಹೋದೆ. ಚಹಾ ಕೊಟ್ಟು ಕೇಳಿದಳು: ‘ಎಷ್ಟ ದಿನಕ್ಕ ಕರೀಲಿಕ್ಕತ್ತೀ?’

ನಾನು ಉಂಡಿಯ ಗಂಟನ್ನು ಅವಳ ಮುಂದೆ ಸರಿಸಿದೆ. ಉಂಡಿ ಇಟ್ಟುಕೊಂಡಳು, ಬರಲಿಲ್ಲ.

ರಿಪೇರಿಗೆ ಬಂದ ಫೋನುಗಳಲ್ಲಿ ಆ ಗೇಮ್ ಒಮ್ಮೊಮ್ಮೆ ಈಗಲೂ ಕಾಣುತ್ತದೆ. ಆಟದ ಊರು ಕಟ್ಟುವವನು ತನಗೆ ತಿಳಿಯದೆಯೇ ಅದರೊಳಗೆ ತನ್ನ ಮನಸ್ಸನ್ನೂ ಕಟ್ಟಿಡುತ್ತಾನೆ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಈಗ ಒಂದೊಂದು ದಾರಿ ಮುಚ್ಚುವಾಗಲೂ, ಇದು ಆಟದ ಕಾಯ್ದೆಯೋ ನನ್ನದೋ ಎಂದು ಕೇಳಿಕೊಳ್ಳುತ್ತೇನೆ.

‘ಎಷ್ಟ ದಿನಕ್ಕ’ ಎಂದ ರೇಣವ್ವನಿಗೆ ಕೊಡಬೇಕಾದ ಉತ್ತರ ನನಗೆ ಗೊತ್ತು. ಅದನ್ನು ಹೇಳಲು ಇನ್ನೂ ಇಳಕಲ್ಲಿಗೆ ಹೋಗಿಲ್ಲ.