ಪಾಯಕ್ಕೆ ಹಾಕಿದ ಲೋಟ

ಅಕ್ಟೋಬರ್ ತಿಂಗಳ ಉರಿಬಿಸಿಲಿನ ಕಾಲ, ಮೊದಲ ಮಳೆಗೆ ಇನ್ನೂ ಮೂರು ವಾರ, ಬೆಳಿಗ್ಗೆ ಆರೂವರೆ ಗಂಟೆ. ನಾನು ಹೇಳಬೇಕಾದ ಮಾತು ಶುರುವಾದದ್ದು ಆ ಹೊತ್ತಿನಲ್ಲಿ, 1991ನೆಯ ಇಸವಿಯಲ್ಲಿ, ಜಾಂಬಿಯಾ ದೇಶದ ಕಾಸೆಂಗೆ ಎಂಬ ಹಳ್ಳಿಯಲ್ಲಿ. ಆದರೆ ಅಭಿನಂದನೆಗೆ ಒಂದು ಕ್ರಮವಿದೆಯೆಂದು ಈ ಗ್ರಂಥದ ಸಂಪಾದಕರಾದ, ಆಸ್ಟಿನ್ ಬಳಿಯ ಫ್ಲೂಗರ್‌ವಿಲ್‌ನ ಶ್ರೀ ರಘುನಂದನ ಅವರು ತಿಳಿಸಿರುವುದರಿಂದ ಮೊದಲು ಆ ಕ್ರಮದಲ್ಲಿಯೇ ನಡೆಯುತ್ತೇನೆ.

ವಂದನೀಯ ಚೌರಪ್ಪ ಸ್ವಾಮಿಗಳು ಹಾಸನ ಸೀಮೆಯಲ್ಲಿ ಹುಟ್ಟಿ, ಕ್ರೈಸ್ತ ಗುರುದೀಕ್ಷೆ ಪಡೆದು, ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಇಪ್ಪತ್ತನಾಲ್ಕು ವರ್ಷ ಧರ್ಮಸೇವೆಯನ್ನೂ ಜನಸೇವೆಯನ್ನೂ ಮಾಡಿ, ಅನಂತರ ಹದಿನೇಳು ವರ್ಷ ಈ ಟೆಕ್ಸಾಸ್ ಸೀಮೆಯಲ್ಲಿ ನಮ್ಮೆಲ್ಲರ ಸುಖದುಃಖಕ್ಕೆ ಒದಗಿ, ಎಪ್ಪತ್ತೈದರ ವಯಸ್ಸಿನಲ್ಲಿ ನಿವೃತ್ತರಾಗುತ್ತಿರುವ ಹಿರಿಯರು. ಆಫ್ರಿಕಾಕ್ಕೆ ಹೋದ ನಮ್ಮ ನಾಡಿನ ಗುರುಗಳು ಹಲವರಿದ್ದಾರೆ. ಹೋದ ಊರಿನ ಹೆಂಗಸರ ಜೊತೆ ನೆಲದ ಮೇಲೆ ಕುಳಿತು, ಕಡಲೆಕಾಯಿ ಸುಲಿಯುತ್ತ ಸುಲಿಯುತ್ತ ಅವರ ಭಾಷೆಯನ್ನು ಕಲಿತವರು ಇವರೊಬ್ಬರನ್ನೇ ನಾನು ಕಂಡದ್ದು. ನನಗೆ ಓದು ಮೂರನೆಯ ತರಗತಿಗೆ ನಿಂತಿತು. ಗಾರೆ ಕೆಲಸ ನನ್ನ ಕಸುಬು. ಇಟ್ಟಿಗೆಯ ಕಮಾನು ಕಟ್ಟಬಲ್ಲ ಮೇಸ್ತ್ರಿಯೊಬ್ಬ ಬೇಕೆಂದು ಸ್ವಾಮಿಗಳು ನಮ್ಮ ಧರ್ಮಕೇಂದ್ರಕ್ಕೆ ಕಾಗದ ಬರೆದಾಗ, ಎರಡು ವರ್ಷಕ್ಕೆಂದು ಹೋದವನು ಎಂಟು ವರ್ಷ ಅಲ್ಲಿದ್ದೆ. ಆ ಕಾಲದ ಸ್ವಾಮಿಗಳನ್ನು ಕಂಡವರು ಟೆಕ್ಸಾಸಿನಲ್ಲಿ ಬೇರೆ ಯಾರೂ ಇಲ್ಲದಿರುವುದರಿಂದ ಈ ಲೇಖನ ನನ್ನ ಪಾಲಿಗೆ ಬಂದಿದೆ.

ನಾನು 1987ರಲ್ಲಿ ಅಲ್ಲಿಗೆ ಮುಟ್ಟಿದಾಗ ಕಾಸೆಂಗೆಯಲ್ಲಿ ಪೂಜೆ ನಡೆಯುತ್ತಿದ್ದುದು ಒಂದು ಮಾವಿನ ಮರದ ಕೆಳಗೆ. ಬೇರೆಯವರಾಗಿದ್ದರೆ ಮೊದಲು ಗುಡಿಯನ್ನೇ, ಅಂದರೆ ಚರ್ಚನ್ನೇ, ಎಬ್ಬಿಸುತ್ತಿದ್ದರು. ಸ್ವಾಮಿಗಳು ಮೊದಲು ಹೆರಿಗೆ ಕೋಣೆ ಕಟ್ಟಿಸಿದರು, ಆಮೇಲೆ ಬಾವಿ, ಆಮೇಲೆ ಶಾಲೆಯ ಎರಡು ಕೊಠಡಿ; ದೇವರಿಗೆ ಮರದ ನೆರಳು ಇನ್ನೂ ನಾಲ್ಕು ವರ್ಷ ಸಾಕು ಎಂದರು. ಕ್ಷಯದ ರೋಗಿಗಳನ್ನು ತಮ್ಮ ಜೀಪಿನಲ್ಲಿ ಚಿಪಾಟಾ ಪಟ್ಟಣದ ಆಸ್ಪತ್ರೆಗೆ ಒಯ್ಯುತ್ತಿದ್ದರು, ಒಯ್ದವರು ತೀರಿಕೊಂಡರೆ ಹೆಣವನ್ನು ತಾವೇ ಹಿಂದಕ್ಕೆ ತರುತ್ತಿದ್ದರು. ಆ ಸೀಮೆಯವರು ಹಿರಿಯರನ್ನು ಕಂಡಾಗ ಅಂಗೈ ಬೊಗಸೆ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿ ವಂದಿಸುತ್ತಾರೆ. ಸ್ವಾಮಿಗಳು ದಾರಿಯಲ್ಲಿ ನಡೆದರೆ ಎರಡು ಕಡೆಯ ಗುಡಿಸಲುಗಳಿಂದಲೂ ಆ ಸದ್ದು ಬರುತ್ತಿತ್ತು.

ಇನ್ನು ಆ ಅಕ್ಟೋಬರ್ ತಿಂಗಳು. ಊರಿನ ಯಜಮಾನ ಗುಡಿಗೆ ಜಾಗ ತೋರಿಸಿದ್ದ, ಸ್ವಾಮಿಗಳು ಗೂಟ ಹೊಡೆಸಿದ್ದರು. ತಗಡು ತರಲು ಅವರು ಶನಿವಾರವೇ ಚಿಪಾಟಾಕ್ಕೆ ಹೋದರು. ಭಾನುವಾರ ಪೂಜೆ ಇರಲಿಲ್ಲ, ಉಪದೇಶಿಯೇ ಪ್ರಾರ್ಥನೆ ನಡೆಸಿದ. ಸೋಮವಾರ, ಹದಿನಾಲ್ಕನೆಯ ತಾರೀಕು, ನೆರೆಯ ಹಳ್ಳಿಯಲ್ಲಿ ಸಾವಾಗಿ ಆಳುಗಳೂ ಊರಿನವರೂ ಮೂರು ದಿನದ ಶೋಕಕ್ಕೆಂದು ಅಲ್ಲಿಗೆ ಹೋದರು. ಬೆಳಿಗ್ಗೆ ಆರೂವರೆಗೆ ಕೆಲಸಕ್ಕೆ ಬಂದವನು ನಾನೊಬ್ಬನೇ. ಗೂಟದ ಜಾಗದ ಮಣ್ಣು ಮೆದುವೆಂದು ಕಂಡಿತು. ಇಪ್ಪತ್ತಡಿ ಆಚೆಗೆ, ಹುತ್ತದ ಪಕ್ಕ, ಗಟ್ಟಿ ನೆಲವಿತ್ತು. ಮಳೆ ಬರುವ ಮುಂಚೆ ಪಾಯ ಮುಗಿಯಬೇಕೆಂಬ ಆತುರದಲ್ಲಿ ಯಾರನ್ನೂ ಕೇಳದೆ ಗೂಟಗಳನ್ನು ಕಿತ್ತು ಅಲ್ಲಿ ನೆಟ್ಟೆ. ಆ ನೆಲದ ಹುಲ್ಲಿನಲ್ಲಿ ಒಡೆದ ಮಡಕೆ, ತಳ ತೂತಾದ ತಟ್ಟೆ, ನೀಲಿ ಅಂಚಿನ ಒಂದು ಪಿಂಗಾಣಿ ಬಳಿದ ತಗಡಿನ ಲೋಟ ಬಿದ್ದಿದ್ದವು. ನಮ್ಮ ಕಡೆ ಗಾರೆ ನೆಲದ ಕೆಳಗೆ ಬೋಕಿ, ಅಂದರೆ ಒಡೆದ ಮಡಕೆಯ ಚೂರು, ಹಾಕಿ ದಿಮ್ಮಸಿನಿಂದ ಬಡಿದರೆ ನೆಲ ನೂರು ವರ್ಷ ಕೂರುತ್ತದೆ. ಒಳ್ಳೆಯ ಬೋಕಿ ಸಿಕ್ಕಿತಲ್ಲಾ ಎಂದು ಹಿಗ್ಗಿ, ಎಲ್ಲವನ್ನೂ ಬಾಚಿ ತೋಡಿದ ಪಾಯಕ್ಕೆ ಸುರಿದು, ಲೋಟವನ್ನು ಸಲಿಕೆಯ ಹಿಂಬದಿಯಿಂದ ಚಪ್ಪಟೆ ಮಾಡಿ, ಮೂರು ದಿನ ಬಡಿದು ಕೂರಿಸಿದೆ.

ಅದು ಎಳೆಮಕ್ಕಳನ್ನು ಮಣ್ಣು ಮಾಡುವ ಜಾಗ. ಅಲ್ಲಿ ಶಿಲುಬೆ ನೆಡುವುದಿಲ್ಲ, ಗುಡ್ಡೆ ಮಳೆಗೆ ಸವೆದು ನೆಲದ ಸಮಕ್ಕೆ ಬರುತ್ತದೆ. ಸತ್ತವರು ಬಳಸಿದ ಪಾತ್ರೆಯನ್ನು ತೂತು ಮಾಡಿಯೋ ಒಡೆದೋ ಮೇಲೆ ಇಟ್ಟು ಬರುತ್ತಾರೆ; ಮಗು ಯಾವುದೆಂದು ತಾಯಿಗೆ ಗುರುತು ಆ ಪಾತ್ರೆಯೊಂದೇ. ಇಷ್ಟು ನನಗೆ ತಿಳಿದದ್ದು ಗುರುವಾರ ಮಧ್ಯಾಹ್ನ. ಸ್ವಾಮಿಗಳ ಜೀಪು ಬಂದು ನಿಂತ ಸ್ವಲ್ಪ ಹೊತ್ತಿಗೆ ಅಮಾಯಿ ತೆರೆಜಾ ಎಂಬ ಹೆಂಗಸು, ಅಮಾಯಿ ಎಂದರೆ ಅಲ್ಲಿ ತಾಯಿ, ಆ ಪಾಯದ ಬಳಿಗೆ ಬಂದಳು. ಅಳಲಿಲ್ಲ. ನೆಲದ ಮೇಲೆ ಕುಳಿತು ಕೇಳಿದಳು: “ನನ್ನ ಮಗಳ ಲೋಟ ಎಲ್ಲಿ?”

ನಾನು ಬಾಯಿ ತೆರೆಯುವ ಮುಂಚೆ ಸ್ವಾಮಿಗಳು ಅವಳ ಭಾಷೆಯಲ್ಲಿಯೇ ಹೇಳಿದರು: “ಗೂಟ ಅಲ್ಲಿಂದ ಇಲ್ಲಿಗೆ ತರಿಸಿದವನು ನಾನು. ಇವನು ಹೇಳಿದ್ದು ಮಾಡಿದ.”

ಆ ದಿನದಿಂದ ಯಾರೂ ಅವರಿಗೆ ಚಪ್ಪಾಳೆ ತಟ್ಟಲಿಲ್ಲ. ಬೈಯಲಿಲ್ಲ, ಕಲ್ಲು ಬೀರಲಿಲ್ಲ. ಅವರು ನಡೆದು ಹೋಗುವಾಗ ಸದ್ದಿಲ್ಲ, ಅಷ್ಟೇ. ಒಂಬತ್ತು ದಿನ ಸ್ವಾಮಿಗಳು ತಮ್ಮ ಕೈಯಾರೆ ಪಾಯವನ್ನು ಅಗೆದು, ಮಣ್ಣನ್ನು ಜರಡಿ ಹಿಡಿದು, ಚೂರು ಚೂರನ್ನೂ ಹುಲ್ಲಿನ ಮೇಲೆ ಹರಡಿದರು. ಯಾವುದು ಯಾವ ಮಗುವಿನ ಮೇಲಿತ್ತೆಂದು ಯಾರಿಗೂ ಗುರುತು ಸಿಗಲಿಲ್ಲ. ನಾನು ಸಲಿಕೆ ಹಿಡಿದು ಹೋದರೆ “ನೀನು ಆ ಕಡೆ ಇಟ್ಟಿಗೆ ನೋಡ್ಕೊ, ಹೋಗು” ಎನ್ನುತ್ತಿದ್ದರು. ಊರಿನವರು ಧರ್ಮಾಧ್ಯಕ್ಷರಲ್ಲಿಗೆ ಹೋಗಿ ಈ ಗುರು ನಮಗೆ ಬೇಡ ಎಂದರು. ಡಿಸೆಂಬರ್ ಹದಿನಾಲ್ಕರಂದು ಸ್ವಾಮಿಗಳು ಕಾಸೆಂಗೆ ಬಿಟ್ಟರು. ನಾನು ಬೀಳ್ಕೊಡಲು ಬರದೆ ಇಟ್ಟಿಗೆ ಗೂಡಿನ ಹಿಂದೆ ನಿಂತಿದ್ದೆ.

ಮುಂದಿನ ವರ್ಷ ಮೊದಲ ಗೂಟದ ಜಾಗದಲ್ಲಿಯೇ ನಾನು ಗುಡಿ ಕಟ್ಟಿದೆ. ಆ ಮಣ್ಣು ನಾನು ಅಂದುಕೊಂಡಷ್ಟು ಮೆದುವೂ ಇರಲಿಲ್ಲ. ಅಭಿಷೇಕದ ದಿನ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಕೊರಳಿಗೆ ಮಣಿ ಹಾಕಿ, ಹೆಂಗಸರೆಲ್ಲ ಹಾಡಿದರು. ಅಮಾಯಿ ತೆರೆಜಾ ಒಂದು ಕೋಳಿ ತಂದು ಮೊಣಕಾಲೂರಿ ಕೊಟ್ಟಳು, ಕೊಡುವಾಗ ನನ್ನ ಕೈಗಳನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಕೋಳಿಯನ್ನು ನಾನು ತೆಗೆದುಕೊಂಡೆ.

ಸ್ವಾಮಿಗಳು ಮಲಾವಿ ಗಡಿಯ ಕಡೆ ಬೇರೆ ಧರ್ಮಕೇಂದ್ರಗಳಲ್ಲಿ ಸೇವೆ ಮಾಡಿ 2008ರಲ್ಲಿ ಟೆಕ್ಸಾಸಿಗೆ ಬಂದರು. ನರ್ಸ್ ಆಗಿರುವ ನನ್ನ ಮಗಳ ಮನೆಗೆ, ಡಲ್ಲಸ್ ಪಕ್ಕದ ಕಾಪೆಲ್‌ಗೆ, ನಾನು ಬಂದದ್ದು 2013ರಲ್ಲಿ. ಹ್ಯೂಸ್ಟನ್ ಹತ್ತಿರದ ಕ್ಲಿಯರ್ ಲೇಕ್‌ನಲ್ಲಿ ತಿಂಗಳಿಗೊಮ್ಮೆ ಕನ್ನಡ ಪೂಜೆ ಇದೆಯೆಂದು ಮಗಳು ನಾಲ್ಕು ಗಂಟೆ ಡ್ರೈವ್ ಮಾಡಿ ಕರೆದುಕೊಂಡು ಹೋದಳು. ಗುಡಿಯ ಬಾಗಿಲಲ್ಲಿ ಸ್ವಾಮಿಗಳು ನಿಂತಿದ್ದರು. “ಸ್ತೋತ್ರ ಸ್ವಾಮಿ” ಎಂದೆ. ಇಪ್ಪತ್ತೆರಡು ವರ್ಷ ಆಗಿತ್ತು. “ಏನಯ್ಯಾ ಇನ್ನಾಸಪ್ಪ, ನೀನು ಕಟ್ಟಿದ ಗೋಡೆ ಇನ್ನೂ ನೆಟ್ಟಗಿದೆಯಂತೆ, ನೀನ್ಯಾಕೆ ಬಗ್ಗಿದ್ದೀಯ?” ಎಂದರು. ನಾನು ನಕ್ಕೆ. ಹೇಳಬೇಕೆಂದಿದ್ದ ಮಾತು ಆ ನಗುವಿನಲ್ಲಿ ಒಳಗೇ ಉಳಿಯಿತು.

ಇಲ್ಲಿ ಅವರು ಮಾಡಿದ ಉಪಕಾರಗಳನ್ನು ಈ ಗ್ರಂಥದಲ್ಲಿ ಅನೇಕರು ಬರೆದಿದ್ದಾರೆ. ಡಲ್ಲಸ್, ಹ್ಯೂಸ್ಟನ್, ಆಸ್ಟಿನ್ ಈ ಮೂರು ಊರಿನ ನಡುವೆ ಹಳೆಯ ಕಾರಿನಲ್ಲಿ ತಿರುಗುತ್ತ, ಮಕ್ಕಳ ಮನೆಗೆ ಬಂದು ಕಾರು ಓಡಿಸಲಾಗದೆ ಕೂತ ನನ್ನಂಥ ಮುದುಕರನ್ನು ಆಸ್ಪತ್ರೆಗೂ ಗುಡಿಗೂ ದೇವಸ್ಥಾನಕ್ಕೂ ಕರೆದೊಯ್ದ ಅವರು ಯಾರ ಜಾತಿಯನ್ನೂ ಕೇಳಿದವರಲ್ಲ. ರಘುನಂದನ ಅವರ ತಾಯಿ ಶಾರದಮ್ಮನವರು ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ಅನ್ನ ಬಿಟ್ಟು ಮಲಗಿದ್ದಾಗ ಸ್ವಾಮಿಗಳು ತಾವೇ ತಿಳಿಸಾರು ಮಾಡಿ ಒಯ್ದರು, ಜೊತೆಗೆ ನಾನೂ ಹೋಗಿದ್ದೆ. ಆಕೆ ಒಂದು ಕಣ್ಣು ತೆರೆದು, “ಫಾದರ್, ನನ್ನನ್ನ ನಿಮ್ಮ ಕಡೆಗೆ ಸೇರಿಸ್ಕೊಳ್ಳೋ ಯೋಚನೆ ಇದ್ರೆ ಈಗ್ಲೇ ಹೇಳಿಬಿಡಿ, ಸಾರು ಕುಡಿದ್ಮೇಲೆ ದಾಕ್ಷಿಣ್ಯ ಬರುತ್ತೆ” ಎಂದರು.

“ಅಮ್ಮಾ, ಸೇರಿಸ್ಕೊಂಡ್ರೆ ದಿನಾ ನಿಮಗೆ ಸಾರು ಮಾಡಬೇಕಾಗುತ್ತೆ. ನನ್ನ ಕೈಲಿ ಆಗಲ್ಲ” ಎಂದರು ಸ್ವಾಮಿಗಳು. ಆಕೆ ಒಂದು ಬಟ್ಟಲು ಪೂರಾ ಕುಡಿದರು.

ಇನ್ನು ಕಡೆಯ ಮಾತು. ನಿವೃತ್ತರಾದ ಗುರುಗಳಿಗೆ ಇಲ್ಲಿಯೇ ಒಳ್ಳೆಯ ಮನೆಯಿದ್ದರೂ ಸ್ವಾಮಿಗಳು ಚಿಪಾಟಾದಲ್ಲಿರುವ ತಮ್ಮ ಸಭೆಯ ಮನೆಗೆ ಹೋಗುತ್ತೇನೆಂದು ಕೇಳಿಕೊಂಡರು. ವಿಮಾನ ಡಲ್ಲಸ್‌ನಿಂದ ಆದ್ದರಿಂದ ಹೊರಡುವ ಮುಂಚೆ ಎರಡು ದಿನ ಕಾಪೆಲ್‌ನ ನಮ್ಮ ಮನೆಯಲ್ಲಿದ್ದರು. ಭಾನುವಾರ ಊಟವಾದ ಮೇಲೆ, ತಲೆಯ ಮೇಲೆ ವಿಮಾನಗಳು ಒಂದರ ಹಿಂದೊಂದು ಇಳಿಯುತ್ತಿದ್ದಾಗ, ನಾನು ಮಾತು ತೆಗೆದೆ.

“ಸ್ವಾಮಿ, ಪುಸ್ತಕದಲ್ಲಿ ಮಲೇರಿಯಾ ಬಂದು ಕಾಸೆಂಗೆ ಬಿಟ್ರಿ ಅಂತ ಹಾಕವ್ರೆ.”

“ಬಂದಿತ್ತಲ್ಲ.”

“ಅದು ಎರಡು ವರ್ಷ ಮುಂಚೆ.”

“ಸೊಳ್ಳೆಗೆ ತಾರೀಕು ಗೊತ್ತಾಗುತ್ತೇನಯ್ಯಾ?”

ಕಾಸೆಂಗೆಗೆ ಹೋಗುತ್ತೀರಾ ಎಂದು ಕೇಳಿದೆ. “ಚಿಪಾಟಾದಿಂದ ಎರಡೇ ಗಂಟೆ ದಾರಿ. ಬೇಡ ಅಂದ ಊರಿಗೆ ಕರೀದೆ ಹೆಂಗಯ್ಯಾ ಹೋಗೋದು?” ಎಂದರು. ಆಗ ನಾನು, ಗೂಟ ಕಿತ್ತವನು ನಾನೆಂದು ಈ ಗ್ರಂಥದಲ್ಲಿ ಬರೆಯುತ್ತೇನೆ, ಅಲ್ಲಿಯವರಿಗೂ ಕಾಗದ ಕೊಡುತ್ತೇನೆ, ಅದನ್ನು ಓದಿದರೆ ಅವರು ಕರೆಯುತ್ತಾರೆ ಎಂದೆ.

“ಬೇಡ ಕಣಯ್ಯಾ” ಎಂದರು ಸ್ವಾಮಿಗಳು. “ನೀನು ಕಿತ್ತದ್ದು ನಿಜ, ಕೀಳು ಅಂದೋನು ನಾನು. ಭಾನುವಾರ ಪೂಜೆ ಆದ್ಮೇಲೆ ಇಬ್ರೂ ಆ ಹುತ್ತದ ಹತ್ರ ನಿಂತಿದ್ವಲ್ಲ, ಇಲ್ಲಿ ಮಣ್ಣು ಗಟ್ಟಿ ಅಂತ ನಾನೇ ತೋರಿಸ್ಲಿಲ್ವಾ? ಮರೆತಿದ್ದೀಯ.”

“ಆ ಭಾನುವಾರ ಪೂಜೆನೇ ಇರ್ಲಿಲ್ಲ ಸ್ವಾಮಿ. ನೀವು ಊರಲ್ಲೇ ಇರ್ಲಿಲ್ಲ.”

“ಇದ್ದೆ ಕಣಯ್ಯಾ. ಆ ಲೋಟ ಕಣ್ಣಿಗೆ ಕಟ್ಟಿದ ಹಾಗಿದೆ. ಬೋರಲು ಹಾಕಿತ್ತು. ನೀಲಿ ಅಂಚು, ತಳದಲ್ಲಿ ಮೊಳೆ ಹೊಡೆದ ತೂತು, ಅದರೊಳಗಿಂದ ಹುಲ್ಲಿನ ಒಂದು ಎಸಳು ಮೇಲಕ್ಕೆ ಬಂದಿತ್ತು. ನೋಡಿಯೂ ಇದೇನು ಅಂತ ಕೇಳದೆ ಹೋದೆ.”

ಆ ಲೋಟ ಲೋಟದ ಆಕಾರದಲ್ಲಿದ್ದದ್ದು ನಾನು ಸಲಿಕೆ ಹಾಕುವ ತನಕ ಮಾತ್ರ. ಅವರು ಅಗೆದು ತೆಗೆದಾಗ ಅದು ಚಪ್ಪಟೆ ತಗಡಾಗಿತ್ತು. ಹುಲ್ಲಿನ ಎಸಳು ಬಂದದ್ದನ್ನು ಅವರು ಯಾವಾಗ ನೋಡಿದರು? ಎಂದಾದರೂ ಒಂದು ದಿನ ಆ ದಾರಿಯಲ್ಲಿ ನಡೆದಿದ್ದರೋ? ನನ್ನನ್ನು ಉಳಿಸಲು ಹೇಳಿದ ಮಾತನ್ನು ಮೂವತ್ತನಾಲ್ಕು ವರ್ಷ ಹೊತ್ತು ಹೊತ್ತು ಅದೇ ಅವರಿಗೆ ನಡೆದ ಸಂಗತಿಯಾಗಿ ಹೋಯಿತೋ? ಇಲ್ಲವೇ ಆ ಭಾನುವಾರ ಪೂಜೆ ಇದ್ದು, ತಪ್ಪು ನನ್ನೊಬ್ಬನದೇ ಆಗಬೇಕೆಂದು ನಾನೇ ಅದನ್ನು ಅಳಿಸಿಕೊಂಡೆನೋ? ನನ್ನ ನೆನಪು ಗಟ್ಟಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಈ ಒಂದರಲ್ಲಿ ಯಾರು ಸರಿ ಎಂದು ತೀರ್ಮಾನ ಮಾಡಲು ನನ್ನಿಂದ ಆಗಿಲ್ಲ. ಗೂಟ ಕಿತ್ತ ಕೈ ಮಾತ್ರ ನನ್ನದು, ಅಷ್ಟು ಖಂಡಿತ.

ಸೋಮವಾರ ನನ್ನ ಮೊಮ್ಮಗಳು ಪ್ರಗತಿ ನಾನು ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಕಾಗದ ಬರೆದುಕೊಟ್ಟಳು. ಆಮೇಲೆ ನಾನು ದಿನವೂ ಕಾಫಿ ಕುಡಿಯುವ ಸ್ಟೀಲ್ ಲೋಟವನ್ನು ಗ್ಯಾರೇಜಿಗೆ ಒಯ್ದು, ಬೋರಲು ಹಾಕಿ, ತಳಕ್ಕೆ ಮೊಳೆ ಇಟ್ಟು ಸುತ್ತಿಗೆಯಿಂದ ಹೊಡೆದೆ. ಅವಳು ಓಡಿ ಬಂದಳು.

“ತಾತ, ವೈ? ದಟ್ಸ್ ಯುವರ್ ಫೇವರಿಟ್ ಕಪ್!”

“ಅದಕ್ಕೇ ಮಗಾ” ಎಂದೆ.

ಮಂಗಳವಾರ ಮಧ್ಯಾಹ್ನ ಪ್ರಗತಿಯೇ ಕಾರು ಓಡಿಸಿದಳು. ಹಿಂದಿನ ಸೀಟಿನಲ್ಲಿ ಸ್ವಾಮಿಗಳ ಪಕ್ಕ ಕುಳಿತು ಕಾಗದವನ್ನೂ, ಆ ಹುತ್ತದ ಪಕ್ಕ ಇಡಿ ಎಂದು ಲೋಟವನ್ನೂ ಅವರ ಕೈಗಿಟ್ಟೆ. ಅವರು ಲೋಟವನ್ನು ಬೆಳಕಿಗೆ ಹಿಡಿದು, ತೂತಿನಲ್ಲಿ ಕಿರುಬೆರಳು ಆಡಿಸಿ, “ಮೊಳೆ ಸ್ವಲ್ಪ ವಾರೆ ಆಗಿದೆ ಮೇಸ್ತ್ರಿ” ಎಂದರು. ವಿಮಾನ ನಿಲ್ದಾಣದ ಬಾಗಿಲ ಬಳಿ ಇಳಿದು ನನ್ನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಅವರು ತಿರುಗಿ ನಡೆಯುವಾಗ ನಾನು ಕೈ ಬೊಗಸೆ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿದೆ. ಆ ಗದ್ದಲದಲ್ಲಿ ಕೇಳಿಸಿತೋ ಏನೋ. ಅವರು ಹಿಂತಿರುಗಿ ನೋಡಲಿಲ್ಲ, ಆದರೆ ಒಂದು ಗಳಿಗೆ ನಿಂತು ಆಮೇಲೆ ಒಳಗೆ ಹೋದರು.

ಹಿಂದಕ್ಕೆ ಬರುವಾಗ ನೋಡಿದರೆ ಕಾಗದ ಸೀಟಿನ ಮೇಲೆಯೇ ಇತ್ತು, ಮಡಿಕೆ ಸಹ ಬಿಚ್ಚಿರಲಿಲ್ಲ. ಲೋಟ ಇರಲಿಲ್ಲ. ಇದರಿಂದ ನಾನು ಏನನ್ನು ತಿಳಿದುಕೊಳ್ಳಬೇಕೋ ನನಗೆ ಹೊಳೆಯುತ್ತಿಲ್ಲ. ಆ ಕಾಗದದಲ್ಲಿದ್ದುದನ್ನೇ ಇಲ್ಲಿ ಬರೆದಿದ್ದೇನೆ. ಮಲೇರಿಯಾದ ಸಾಲನ್ನು ತೆಗೆಯಬೇಕೆಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ಕಾಗದವನ್ನು ಪ್ರಗತಿ ಕಾಸೆಂಗೆಯ ಗುಡಿಗೆ ಅಂಚೆಯಲ್ಲಿ ಕಳಿಸಿದ್ದಾಳೆ. ಸ್ವಾಮಿಗಳು ಬೇಡವೆಂದದ್ದನ್ನು ಅವರ ಅಭಿನಂದನೆಯಲ್ಲಿಯೇ ಮಾಡಿದ್ದೇನೆ. ಕೋಪ ಬಂದರೆ ಬೈದು ಬರೆಯಲಿ, ಅವರ ಅಕ್ಷರವನ್ನಾದರೂ ನೋಡಿದ ಹಾಗಾಗುತ್ತದೆ.

ಅವರಿಗೆ ದೇವರು ಇನ್ನೂ ಬಹಳ ವರ್ಷ ಆಯುಸ್ಸು ಕೊಡಲಿ, ಕಡಲೆಕಾಯಿ ಸುಲಿಯುವಷ್ಟು ಬೆರಳಿಗೆ ಬಲ ಕೊಡಲಿ, ಕಾಸೆಂಗೆಯಿಂದ ಯಾರಾದರೂ ಬಂದು ಕರೆಯಲಿ.

ಆ ಸಲ ಅವರು ಹೋದದ್ದು ಶನಿವಾರ, ನಾನು ಗೂಡಿನ ಹಿಂದಿದ್ದೆ. ಈ ಸಲ ವಂದನೀಯ ಚೌರಪ್ಪ ಸ್ವಾಮಿಗಳು ಹೊರಟದ್ದು 2025ನೆಯ ಇಸವಿ ಜೂನ್ ಹದಿನೇಳು, ಮಂಗಳವಾರ. ಬಾಗಿಲ ತನಕ ನಾನು ಹೋಗಿದ್ದೆ.