ಹುಲಗಮ್ಮನ ಎಮ್ಮೆ ಮಿಂಚಿದ್ದೇಕೆ

ಬೇವೂರಿನ ನಮ್ಮ ಓಣಿಯಲ್ಲಿ ಸಂತೆಯಾಗಿ ಎಷ್ಟು ದಿನವಾಯಿತೆಂದು ತಿಳಿಯಲು ಹುಲಗಮ್ಮನ ಅಡುಗೆಮನೆಯ ವಾಸನೆ ಸಾಕು. ನಾನು ಅನುಸೂಯಾ, ಆಕೆಯ ಗೋಡೆಗೆ ಗೋಡೆ ಹಚ್ಚಿದ ಮನೆಯವಳು. ಹೊಲಿಗೆ ಮಷೀನಿನ ಮುಂದೆ ಕುಳಿತರೂ ನನ್ನ ಮೂಗು, ಕಿವಿ ಎರಡೂ ಆ ಕಡೆಗೇ. ಸಂತೆಯ ಮರುದಿನ ಪುಂಡಿಪಲ್ಯ, ಯಾಕೆಂದರೆ ಸೊಪ್ಪು ಬಾಡುವ ಮೊದಲು ತೀರಬೇಕು. ಆಮೇಲೆ ಬದನೆಕಾಯಿ, ಹೀರೆಕಾಯಿ. ಹೀರೆಕಾಯಿಯ ಸಿಪ್ಪೆಗೂ ಬಿಡುವಿಲ್ಲ, ಅದು ಚಟ್ನಿಯಾಗುತ್ತದೆ. ಬುಟ್ಟಿ ಬರಿದಾದ ಮೇಲೆ ಮಡಿಕೆಕಾಳು, ಜುಣಕ. ಉಳಿದ ರೊಟ್ಟಿ ಒಣಗಿತೋ, ಮುರಿದು ಒಗ್ಗರಣೆ ಹಾಕುತ್ತಾಳೆ. ಯಾವುದಕ್ಕೂ ಒಗ್ಗದ್ದು ಪಾತ್ರೆ ತೊಳೆದ ನೀರಿನ ಜೊತೆ ಮುಸುರೆ ಬಾನಿಗೆ ಬಿದ್ದು ಎಮ್ಮೆಯ ಹೊಟ್ಟೆ ಸೇರುತ್ತದೆ.

"ನಮ್ಮ ಮನ್ಯಾಗ ಒಂದ ಅಗಳ ಹಾಳಾಗಿದ್ದು ತೋರಸ್ರಿ, ಕೈ ಮುಗಿತೀನಿ" ಎಂದು ಓಣಿಗೆಲ್ಲ ಸವಾಲು ಹಾಕುವವಳು ಆಕೆ. ಗಂಡ ತೀರಿದ ಮೇಲೆ ಕಂಡವರ ಹೊಲಕ್ಕೆ ಕೂಲಿಗೆ ಹೋಗಿ ಮಗನನ್ನು ಬೆಳೆಸಿದವಳಿಗೆ ಆ ಜಂಬ ಒಪ್ಪುತ್ತದೆ ಬಿಡಿ.

ಮಗ ಕಳಕೇಶ ಟ್ರ್ಯಾಕ್ಟರ್ ಓಡಿಸುತ್ತಾನೆ. ಈ ಬೇಸಿಗೆಯಲ್ಲಿ ಶ್ರೀರಾಮನಗರದ ಗಂಗಾಳನ್ನು ಮದುವೆಯಾದ. ಅದು ಕಾಲುವೆ ನೀರಿನ ಊರು, ಎತ್ತ ನೋಡಿದರೂ ಭತ್ತ. ಹುಡುಗಿ ಬಂದು ತಿಂಗಳಾಗುವಷ್ಟರಲ್ಲಿ ಜಂಪರು ಸಡಿಲಾಯಿತೆಂದು ನನ್ನ ಹತ್ತಿರ ಬಂದಳು. ಹಿಡಿದು ಹೊಲಿದು ಕೊಟ್ಟೆ. ನಾಗರ ಪಂಚಮಿ ಹತ್ತಿರ ಬಂದಾಗ ಅದೇ ಜಂಪರು ಮತ್ತೆ ಬಂತು. ಅತ್ತ ಹಿತ್ತಲಿನ ಎಮ್ಮೆ ನೋಡಿದರೆ ಎಣ್ಣೆ ಸವರಿದ ಹಾಗೆ ಮಿಂಚುತ್ತಿದೆ! ಸೊಸೆ ಸೊರಗುವ ಮನೆಯಲ್ಲಿ ಎಮ್ಮೆ ಕೊಬ್ಬುವುದೆಂದರೇನು? ಇದನ್ನು ತಿಳಿಯದೆ ನನಗೆ ನಿದ್ದೆ ಹತ್ತೀತೇ?

"ಯಾಕವ್ವಾ, ಉಣ್ಣೂದಿಲ್ಲೇನ?" ಎಂದು ಟೇಪು ಹಿಡಿದೇ ಕೇಳಿದೆ.

ಗಂಗಾಳ ಕಣ್ಣು ತುಂಬಿತು. "ನಾಳೆ ನಮ್ಮ ಹನುಮೇಶಣ್ಣ ಪಂಚಮಿಗೆ ಕರಿಯಾಕ ಬರ್ತಾನ್ರಿ ಅಕ್ಕಾರ. ಹೋದ್ರ ನಾ ತಿರುಗಿ ಬರಂಗಿಲ್ಲ."

ಟೇಪು ಪಕ್ಕಕ್ಕಿಟ್ಟೆ. ಬಾಗಿಲು ಮುಂದೆ ಮಾಡಿ ಕೂರಿಸಿಕೊಂಡು ಕೇಳಿದೆ. ಹುಟ್ಟಿದಾಗಿನಿಂದ ಆಕೆಗೆ ಬೆಳಗಿನ ಹೊಟ್ಟೆಗೆ ಚದ್ದನ್ನವೇ ಬೇಕು. ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟು, ಬೆಳಿಗ್ಗೆ ಉಪ್ಪು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ಉಣ್ಣುವುದು. ಇಲ್ಲಿ ಮೂರೂ ಹೊತ್ತು ಜೋಳದ ರೊಟ್ಟಿ, ರೂಢಿಯಿಲ್ಲದ ಆಕೆಗೆ ಅದು ಅರ್ಧಕ್ಕಿಂತ ಹೆಚ್ಚು ಇಳಿಯದು. ಅನ್ನ ರಾತ್ರಿ ಒಂದು ಹಿಡಿ. ಆ ಹಿಡಿಯನ್ನೂ ಉಣ್ಣದೆ ಬೋಗುಣಿಯಲ್ಲಿ ನೀರು ಹಾಕಿ ಇಡುತ್ತಿದ್ದಳಂತೆ.

"ಬೆಳಗಾಗೂದ್ರಾಗ ಅತ್ತಿ ಒಯ್ದು ಎಮ್ಮಿ ಬಾನಿಗೆ ಸುರಿತಾರ್ರಿ. ಒಲಿ ಹಿಂದ ಇಟ್ಟೆ, ಸುರಿದ್ರು. ನೆಲುವಿನ ಮ್ಯಾಲಿಟ್ಟೆ, ಅಲ್ಲಿಂದನೂ ಇಳಿಸಿ ಸುರಿದ್ರು. ನನಗಿಂತ ಎಮ್ಮೀನ ಹೆಚ್ಚಾತು ಅವರಿಗೆ."

"ನಿಮ್ಮತ್ತಿಗೆ ಬಾಯಿ ಬಿಟ್ಟು ಹೇಳೀಯೇನ?"

"ಹೊಟ್ಟಿ ಹಸದೈತಿ ಅಂತ ಹೊಸಾ ಸೊಸಿ ಹೆಂಗ ಹೇಳ್ಬೇಕ್ರಿ?"

ಅಕಟಕಟಾ! ಜಂಪರನ್ನು ಮಷೀನಿನ ಮೇಲೆ ಬಿಸಾಕಿ ಹಿತ್ತಲಿಗೆ ನಡೆದೆ. ಹುಲಗಮ್ಮ ಎಮ್ಮೆಯ ಮೈ ತಿಕ್ಕುತ್ತಿದ್ದಳು. ನಾನು ಏನೂ ಅರಿಯದವಳಂತೆ, "ಎಮ್ಮಿಗೆ ಏನ್ ಹಾಕ್ತೀಯಬೇ ಅಕ್ಕಾ, ಭಾಳ ಛಲೋ ಮಿಂಚಾಕತ್ತೈತಿ?" ಎಂದೆ.

"ಎಲ್ಲಾ ನಮ್ಮ ಸೊಸಿ ಪುಣ್ಯಾನವಾ" ಎಂದು ನಕ್ಕಳು. "ದಿನಾ ಬೋಗುಣ್ಯಾಗ ಅನ್ನ ಬಿಟ್ಟು ನೀರ ಹಾಕಿರ್ತಾಳ. ಮುಸುರಿ ಬೋಗುಣಿ ಯಾರರೆ ನೆಲುವಿನ ಮ್ಯಾಲ ಇಡ್ತಾರೇನ? ಹುಡುಗಾಟದ ಹುಡುಗಿ. ಬೈದ್ರ ನೊಂದೀತು ಅಂತ ಸುಮ್ನದೀನಿ."

ಜೋಳದ ಮನೆಯಲ್ಲಿ ನೀರು ಬಿದ್ದ ಅನ್ನವೆಂದರೆ ಮುಸುರೆ, ಅಷ್ಟೇ. ಅದನ್ನು ಮನುಷ್ಯರು ಉಣ್ಣುತ್ತಾರೆಂಬುದು ಆಕೆಗೆ ಹೊಳೆಯಲೇ ಇಲ್ಲ. ನನಗೆ ತಡೆಯಲಾಗಲಿಲ್ಲ. "ಅದು ಮುಸುರಿ ಅಲ್ಲಬೇ, ಆಕಿ ಊಟ! ರಾತ್ರಿದೂ ಅದ, ಮುಂಜಾನಿದೂ ಅದ. ನಾಳೆ ಹೋದ್ರ ಬರಂಗಿಲ್ಲ ಅನ್ನಾಕತ್ತಾಳ" ಎಂದು ಇದ್ದದ್ದನ್ನೆಲ್ಲ ಒದರಿದೆ.

ಹುಲಗಮ್ಮ ಅಲ್ಲೇ ಸಗಣಿ ಬುಟ್ಟಿಯ ಪಕ್ಕ ಕುಳಿತುಬಿಟ್ಟಳು. "ಎವ್ವಾ... ಒಂದ ಅಗಳ ಹಾಳ ಮಾಡಂಗಿಲ್ಲ ಅಂತ ಮೆರದೆ. ಮನ್ಯಾಗಿನ ಕೂಸಿನ ಹೊಟ್ಟಿ ನೋಡ್ಲಿಲ್ಲಲ್ಲ ನಾ" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಕೆ ಅತ್ತದ್ದನ್ನು ನಾನು ನೋಡಿದ್ದು ಗಂಡ ಸತ್ತಾಗ ಬಿಟ್ಟರೆ ಅವತ್ತೇ.

ಆ ಸಂಜೆ ಗೋಡೆಯಾಚೆ ಕಿವಿ ಇಟ್ಟೆ. ಇಡದೆ ಇರುತ್ತೇನೆಯೇ? ಹುಲಗಮ್ಮನ ದನಿ ಕೇಳಿತು: "ಗಂಗವ್ವಾ, ಹೊಟ್ಟಿ ತುಂಬ ಉಂಡಿ ಹೌದಿಲ್ಲ? ಈ ಬೋಗುಣಿ ಅನ್ನ ನಾಳಿಗೆ. ಇದಕ್ಕ ನೀರ ಎಷ್ಟ ಹಾಕ್ಬೇಕು? ನಂಗ ಗೊತ್ತಿಲ್ಲ, ನೀ ಹೇಳು." ಸೊಸೆ ಬಿಕ್ಕಿದ್ದು ಕೇಳಿತು.

ಬೆಳಿಗ್ಗೆ ಕೊತ್ತಂಬರಿ ಕೇಳುವ ನೆಪದಲ್ಲಿ ಹೋದೆ. ಇಬ್ಬರೂ ಒಂದೇ ಬೋಗುಣಿಯ ಮುಂದೆ ಕುಳಿತಿದ್ದರು. ಹುಲಗಮ್ಮ ಒಂದು ತುತ್ತು ನುಂಗಿ ಕಣ್ಣು ಕಿರಿದು ಮಾಡಿದಳು. "ಹುಳಿ ಐತವ್ವಾ. ಆದ್ರೂ ಛಲೋ ಐತಿ. ಎಮ್ಮಿ ಸುಮ್ನ ಮಿಂಚಿಲ್ಲ ಬಿಡು" ಎಂದಳು. ಗಂಗಾ ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಮಧ್ಯಾಹ್ನ ಗಂಗಾಳ ಅಣ್ಣ ಬಂದ. ಹೊರಡುವ ಮುಂಚೆ ಗಂಗಾ ನಮ್ಮ ಮನೆಗೆ ಓಡಿ ಬಂದಳು. ಜಂಪರು ಹಿಡಿದು ಹೊಲಿದಿಟ್ಟಿದ್ದೆ, ಎತ್ತಿ ಕೊಟ್ಟೆ. ಆಕೆ ಅದನ್ನು ತಿರುಗಿ ನನ್ನ ಕೈಯಲ್ಲೇ ಇಟ್ಟಳು.

"ಈ ಹೊಲಿಗಿ ಬಿಚ್ಚಿಡ್ರಿ ಅಕ್ಕಾರ. ಹಬ್ಬ ಮುಗಿಸಿ ಬಂದು ಹಾಕ್ಕೋತೀನಿ."